ಮೇಷ್ಟ್ರ ಕಾರಿನ ಎಣ್ಣೆಸ್ನಾನ

ಹಳೇ ಡೀಸೆಲ್ ಕಾರು ಇಟ್ಟುಕೊಂಡವರ ಮನೆ ಯಾವುದು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಗೇಟಿನ ಮುಂದೆ ಸಿಮೆಂಟಿನ ಮೇಲೆ ಅಂಗೈ ಅಗಲದ ಕಪ್ಪು ಮಚ್ಚೆ ಇದ್ದರೆ ಅದೇ ಮನೆ. ಹಾಸನದ ನಮ್ಮ ಬೀದಿಯಲ್ಲಿ ಅಂಥ ಮಚ್ಚೆಗಳಿಗೇನೂ ಬರವಿಲ್ಲ, ಆದರೆ ಪಕ್ಕದ ಮನೆ ಮೇಷ್ಟ್ರದ್ದು ಎಲ್ಲಕ್ಕಿಂತ ದೊಡ್ಡದು. ಮೇಷ್ಟ್ರ ಮನೆಯವರು ಬೆಳಿಗ್ಗೆ ರಂಗೋಲಿ ಹಾಕುವಾಗ ಮೊದಮೊದಲು ಆ ಮಚ್ಚೆ ತಪ್ಪಿಸಿ ಹಾಕುತ್ತಿದ್ದರು. ಅದು ಬೆಳೆಯುತ್ತಾ ಹೋದ ಹಾಗೆಲ್ಲ ರಂಗೋಲಿ ಗೋಡೆ ಕಡೆಗೆ ಸರಿಯಿತು. ಈಗ ಅವರೂ ಸೋತು, ಮಚ್ಚೆಯನ್ನೇ ನಡುವಿನ ಚುಕ್ಕಿ ಮಾಡಿಕೊಂಡು ಸುತ್ತ ಎಳೆ ಬಿಡುತ್ತಾರೆ. ಇದ್ದುದರಲ್ಲೇ ಸುಧಾರಿಸೋದು ಅಂದರೆ ಇದೇ ತಾನೇ?

ಕಾರಿನ ಹೆಸರು ಬೇಡ ಬಿಡಿ. ಮೇಷ್ಟ್ರಿಗೆ ಅದರ ಮೇಲೆ ವಿಪರೀತ ಅಭಿಮಾನ, ಹೆಸರು ಹಿಡಿದು ಹಳಿದರೆ ಮಾತು ಬಿಡುತ್ತಾರೆ. ಟರ್ಬೊ ಇರೋ ಡೀಸೆಲ್ ಗಾಡಿ, ಹದಿನೈದು ವರ್ಷ ದಾಟಿದೆ ಅಂದರೆ ಸಾಕು. ಆ ಕಾಲದಲ್ಲಿ ಬಾನೆಟ್ ಎತ್ತಿದರೆ ಅರ್ಧ ಊರಿನ ಕಾರುಗಳು ಒಂದೇ ಆಗಿದ್ದವಲ್ಲ! ಫಿಯಟ್‌ನವರ 1248 ಸಿಸಿ ಎಂಜಿನ್ ಸ್ವಿಫ್ಟ್‌ಗೂ ಅದೇ, ಡಿಜೈರ್‌ಗೂ ಅದೇ, ಟಾಟಾದವರ ವಿಸ್ಟಾ, ಮಾಂಜಾಕ್ಕೂ ಅದೇ, ಫಿಯಟ್‌ನವರ ಸ್ವಂತ ಪುಂಟೊ, ಲೀನಿಯಾಕ್ಕೂ ಅದೇ. ‘ರಾಷ್ಟ್ರೀಯ ಎಂಜಿನ್’ ಅಂತ ಕಾರು ಪತ್ರಿಕೆಯವರು ಹೆಸರೇ ಇಟ್ಟಿದ್ದರು. ಅದರಲ್ಲೂ 75 ಕುದುರೆಯದ್ದೊಂದು, 90 ಕುದುರೆಯದ್ದೊಂದು. 75ರದ್ದಕ್ಕೆ ಸಾದಾ ಟರ್ಬೊ, 90ರದ್ದಕ್ಕೆ ಒಳಗೆ ರೆಕ್ಕೆ ಆಡಿಸೋ ಟರ್ಬೊ. 2020ರ ಏಪ್ರಿಲ್ 1ಕ್ಕೆ ಬಿಎಸ್-6 ಬಂತು, ಆ ಎಂಜಿನ್ನಿನ ಕಾಲ ಮುಗಿಯಿತು. ಆದರೆ ಗಾಡಿಗಳು ಎಲ್ಲಿ ಮುಗಿದವು? ಇನ್ನೂ ಓಡ್ತಾನೇ ಇವೆ, ಒಸರ್ತಾನೇ ಇವೆ.

ಮೇಷ್ಟ್ರ ದೂರು ಎರಡು. ಕೆಳಗೆ ಎಣ್ಣೆ ತೊಟ್ಟಿಕ್ಕುತ್ತೆ, ಮೇಲೆ ಪಿಕಪ್ ಇಲ್ಲ. ಮಗಳ ಮನೆ ಮಂಗಳೂರಲ್ಲಿ. ಬರುವಾಗ ಗುಂಡ್ಯ ದಾಟಿ ಶಿರಾಡಿ ಏರು ಶುರುವಾಯಿತೋ ಇಲ್ಲವೋ, ಗಾಡಿ ಕೂತುಬಿಡುತ್ತಂತೆ. ಮೂರನೇ ಗೇರಿನಲ್ಲಿ ಹೋಗಬೇಕಾದ ಕಡೆ ಎರಡು, ಎರಡರಲ್ಲಿ ಹೋಗಬೇಕಾದ ಕಡೆ ದೇವರ ಧ್ಯಾನ. “ಅಕ್ಕಿ ಮೂಟೆ ಹೇರಿದ ಲಾರಿಯವನು ಹಾರ್ನ್ ಹೊಡೆದು ಮುಂದೆ ಹೋದ ಕಣಮ್ಮಾ” ಅಂತ ಕಾಂಪೌಂಡ್ ಮೇಲೆ ಮೊಣಕೈ ಊರಿಕೊಂಡು ಹೇಳುವಾಗ ಅವರ ಮುಖ ನೋಡಬೇಕಿತ್ತು. ಎಣ್ಣೆ ಸೋರಿದ್ದಕ್ಕೆ ಅಷ್ಟು ದುಃಖ ಇಲ್ಲ, ಲಾರಿಯವನು ಹಾರ್ನ್ ಹೊಡೆದದ್ದಕ್ಕೆ.

ಒಂದು ಗ್ಯಾರೇಜಿಗೆ ತೋರಿಸಿದರಂತೆ. ಅಲ್ಲಿಯವನು ಬಾನೆಟ್ ಎತ್ತಿ, ಬಗ್ಗಿ, ಎದ್ದು, ಕೈ ಒರೆಸಿಕೊಂಡು ತೀರ್ಪು ಕೊಟ್ಟನಂತೆ: “ಟರ್ಬೊ ಹೋಗಿದೆ ಸಾರ್. ಹಿಂದಿನ ಆಯಿಲ್ ಸೀಲೂ ಹೋಗಿದೆ. ಗೇರ್‌ಬಾಕ್ಸ್ ಇಳಿಸ್ಬೇಕು.” ಎಣ್ಣೆ ಕಂಡರೂ ಟರ್ಬೊ, ಹೊಗೆ ಕಂಡರೂ ಟರ್ಬೊ, ಏರು ಹತ್ತದಿದ್ದರೂ ಟರ್ಬೊ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋದು ನಮ್ಮಲ್ಲಿ ಇವತ್ತಿನ ರೂಢಿಯಾ?

ಇವಳಿಗೇನು ಗೊತ್ತು ಅಂತೀರೇನೋ. ನಾನು ಬೆಳೆದದ್ದು ಸಕಲೇಶಪುರದ ಒಂದು ಲಾರಿ ಗ್ಯಾರೇಜಿನ ಹಿಂದಿನ ಮನೆಯಲ್ಲಿ, ಗ್ಯಾರೇಜು ನಮ್ಮಪ್ಪಂದೇ. ಬೇರೆ ಹೆಣ್ಣುಮಕ್ಕಳಿಗೆ ಮಲ್ಲಿಗೆ ವಾಸನೆಗೆ ತವರು ನೆನಪಾಗುತ್ತಂತೆ, ನನಗೆ ಡೀಸೆಲ್ಲು, ಬನಿಯನ್ ವೇಸ್ಟು, ಬೀಡಿ ಹೊಗೆ ಮೂರೂ ಸೇರಿ ಬರಬೇಕು. ಅಪ್ಪ ಗಾಡಿ ಬಂದ ಕೂಡಲೇ ಪಾನಾ ಹಿಡಿದವರಲ್ಲ. ಮೊದಲು ಡ್ರೈವರಿಗೊಂದು ಟೀ. ಆ ಟೀ ಕುಡಿಯುವಷ್ಟರಲ್ಲಿ ಅವನ ಬಾಯಿಂದ ಕತೆಯೆಲ್ಲ ಹೊರಡಿಸಿಬಿಡೋರು. ಖಾಲಿ ಗಾಡಿಯಲ್ಲೂ ಹೀಗೇನಾ, ಲೋಡ್ ಇದ್ದಾಗ ಮಾತ್ರಾನಾ? ಎಂಜಿನ್ ಕೂಗುತ್ತೆ ಗಾಡಿ ಹೋಗಲ್ವಾ, ಇಲ್ಲಾ ಎಂಜಿನ್ನೇ ಏಳಲ್ವಾ? ಕೂಗಿಯೂ ಗಾಡಿ ಹೋಗ್ತಿಲ್ಲ ಅಂದರೆ ಅದು ಕ್ಲಚ್ ಪ್ಲೇಟ್ ಜಾರುತ್ತಿರೋದು, ಟರ್ಬೊ ಪಾಪ ಏನು ಮಾಡೀತು? ಹೊಗೆ ಬಣ್ಣ ಯಾವುದು? ಕಪ್ಪಾದರೆ ಡೀಸೆಲ್ ಹೋಗ್ತಿದೆ, ಗಾಳಿ ಸಾಲ್ತಿಲ್ಲ. ನೀಲಿಯಾದರೆ ಎಂಜಿನ್ ಆಯಿಲ್ ಉರೀತಿದೆ. ಹೊಗೆಯೇ ಇಲ್ಲ, ಬರೀ ಸುಸ್ತು ಅಂದರೆ ಡೀಸೆಲ್ ಫಿಲ್ಟರ್ ಕಡೆ ನೋಡು. ಒಂದು ಸಲ ಒಬ್ಬ ಡ್ರೈವರ್ ಟೀಯ ಜೊತೆ ಬನ್ನನ್ನೂ ತಿಂದು, ಕತೆಯೆಲ್ಲ ಹೇಳಿ ಮುಗಿಸಿದ ಮೇಲೆ ಹ್ಯಾಂಡ್ ಬ್ರೇಕು ಅರ್ಧ ಹಿಡಿದುಕೊಂಡೇ ಇತ್ತು ಅಂತ ಗೊತ್ತಾಯಿತು. ಅಪ್ಪ ಟೀ ದುಡ್ಡು ಮಾತ್ರ ಈಸಿಕೊಂಡರು.

ಮೇಷ್ಟ್ರಿಗೆ ನಾನು ಇದೇ ಪ್ರಶ್ನೆ ಕೇಳಿದೆ. ಹೊಗೆ ಕಪ್ಪು. ಎಂಜಿನ್ನೇ ಏಳಲ್ಲ. ಆಕ್ಸಿಲರೇಟರ್ ಒತ್ತಿದಾಗ ಮುಂದೆ ಎಲ್ಲೋ ‘ಸುಂಯ್’ ಅಂತ ಒಂದು ಸದ್ದು, ಬಿಟ್ಟರೆ ಸದ್ದಿಲ್ಲ. ಆ ಸುಂಯ್ ಕೇಳಿದ ಮೇಲೆ ನನಗೆ ಟರ್ಬೊ ಮೇಲಿದ್ದ ಅನುಮಾನ ಮುಕ್ಕಾಲು ಪಾಲು ಹೋಯಿತು.

ಟರ್ಬೊ ಅಂದರೇನು ಅಂತ ನಿಮಗೆ ನಾನು ಪಾಠ ಮಾಡಬೇಕಾಗಿಲ್ಲ. ಹೊರಗೆ ಹೋಗೋ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತೆ, ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಎಂಜಿನ್ನಿಗೆ ಗಾಳಿ ತುರುಕುತ್ತೆ, ಅಷ್ಟೇ. ಆದರೆ ಅದರೊಳಗೊಂದು ತಮಾಷೆ ಇದೆ, ಕೇಳಿ. ಆ ಕಡ್ಡಿ ಸಣ್ಣ ಕಾರುಗಳಲ್ಲಿ ನಿಮಿಷಕ್ಕೆ 2,00,000 ಸುತ್ತಿನ ಹತ್ತಿರ ತಿರುಗುತ್ತೆ. ಒಂದು ತುದಿಯಲ್ಲಿ 700 ಡಿಗ್ರಿ ಮುಟ್ಟೋ ಹೊಗೆ, ಇನ್ನೊಂದು ತುದಿಯಲ್ಲಿ ಹೊರಗಿನ ತಣ್ಣನೆ ಗಾಳಿ. ನಡುವೆ ಕಡ್ಡಿ ನಿಂತಿರೋದು ಎಣ್ಣೆಯ ತೆಳು ಪದರದ ಮೇಲೆ. ಅಷ್ಟೆಲ್ಲ ಎಣ್ಣೆ ಹೊರಗೆ ಬಾರದ ಹಾಗೆ ದಪ್ಪ ರಬ್ಬರ್ ಸೀಲ್ ಹಾಕಿರಬೇಕು ಅಂದುಕೊಳ್ತೀರಲ್ವಾ? ಇಲ್ಲ ಸ್ವಾಮಿ. ಪಿಸ್ಟನ್ ರಿಂಗಿನ ಜಾತಿಯ ಸಣ್ಣ ಉಂಗುರ ಒಂದೊಂದು, ಅಷ್ಟೇ. ಎರಡೂ ಕಡೆಯ ಗಾಳಿ, ಹೊಗೆಯ ಒತ್ತಡವೇ ಎಣ್ಣೆಯನ್ನು ಒಳಗೆ ತಡೆಯೋದು. ಕೆಲಸ ಮುಗಿಸಿದ ಎಣ್ಣೆ ಒಂದು ದಪ್ಪ ಪೈಪಿನಲ್ಲಿ ತನ್ನ ಪಾಡಿಗೆ ತಾನು ಇಳಿದು ಕೆಳಗಿನ ಸಂಪಿಗೆ ಸೇರಬೇಕು. ಆ ಪೈಪ್ ಕಟ್ಟಿಕೊಂಡರೆ, ಇಲ್ಲವೇ ಎಂಜಿನ್ನಿನ ಹೊಟ್ಟೆಯೊಳಗೆ ಗಾಳಿ ತುಂಬಿ ಎಣ್ಣೆ ಇಳಿಯೋಕೆ ಬಿಡದಿದ್ದರೆ, ಅದು ಉಂಗುರ ದಾಟಿ ಹೊರಗೆ ಬರುತ್ತೆ. ಏರ್ ಫಿಲ್ಟರ್ ಪೂರಾ ಧೂಳು ಹಿಡಿದಿದ್ದರೂ ಆ ಕಡೆಯಿಂದ ಎಳೆತ ಜಾಸ್ತಿಯಾಗಿ ಎಣ್ಣೆ ಬರುತ್ತೆ. ನೋಡಿದವರು ಟರ್ಬೊ ಒದ್ದೆ ಅಂತಾರೆ. ಒದ್ದೆಯೇನೋ ಹೌದು. ತಪ್ಪು ಮಾತ್ರ ಟರ್ಬೊದಲ್ಲ.

ಎಣ್ಣೆ ಸೋರೋದು ಹಿಡಿಯೋ ಕೆಲಸ ಮಲೆನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಅಜ್ಜಿ ಮನೆಯ ಹೆಂಚಿನ ಮಾಡು ಹೇಗೆ ಸೋರುತ್ತಿತ್ತೋ ಎಂಜಿನ್ನೂ ಹಾಗೇ ಸೋರೋದು. ಹೆಂಚು ಒಡೆದಿರೋದು ದೇವರ ಕೋಣೆ ಮೇಲೆ, ನೀರು ರೀಪು ಹಿಡಿದು, ಪಕಾಸಿ ಇಳಿದು, ತೊಟ್ಟಿಕ್ಕೋದು ಅಜ್ಜನ ಮಂಚದ ಮೇಲೆ. ಅಜ್ಜ ಮಂಚ ಸರಿಸೋರು, ಅಜ್ಜಿ ತಪಲೆ ಇಡೋರು, ಹೆಂಚು ಮಾತ್ರ ಮುಂದಿನ ವರ್ಷ ಮಳೆಗೆ ಮುಂಚೆ ಕೈಯಾಡಿಸೋವರೆಗೂ ಹಾಗೇ. ಅಂದ ಹಾಗೆ ಆ ಮಂಗಳೂರು ಹೆಂಚಿನ ಮೊದಲ ಕಾರ್ಖಾನೆ ಹಾಕಿದ್ದು ಬಾಸೆಲ್ ಮಿಷನ್‌ನವರು, 1865ರಲ್ಲಿ. ಬಾಸೆಲ್ ಇರೋದು ಸ್ವಿಟ್ಜರ್ಲೆಂಡಿನಲ್ಲಿ. ಟರ್ಬೊ ಕಂಡುಹಿಡಿದು 1905ರಲ್ಲಿ ಪೇಟೆಂಟ್ ಪಡೆದ ಆಲ್ಫ್ರೆಡ್ ಬ್ಯೂಖಿ ಅನ್ನೋ ಎಂಜಿನಿಯರೂ ಅದೇ ದೇಶದ ವಿಂಟರ್‌ಥೂರ್ ಊರಿನವರು. ನಮ್ಮ ಸೂರು, ನಮ್ಮ ಕಾರು ಎರಡರ ಸೋರಿಕೆಗೂ ಒಂದೇ ದೇಶ! ಮೇಷ್ಟ್ರಿಗೆ ಇದನ್ನು ಹೇಳಿದಾಗ ನಕ್ಕರು, ಆಮೇಲೆ ಕಾರು ನೆನಪಾಗಿ ನಗು ನಿಲ್ಲಿಸಿದರು.

ಎಂಜಿನ್ ಮೇಲಿಂದ ಸೋರಿದ ಎಣ್ಣೆ ಎಂಜಿನ್ನಿನ ಹಿಂಬದಿಯಲ್ಲಿ ಇಳಿದು, ಗೇರ್‌ಬಾಕ್ಸ್ ಸೇರೋ ಜಾಗದಿಂದ ತೊಟ್ಟಿಕ್ಕುತ್ತೆ. ಓಡುವಾಗ ಗಾಳಿ ಅದನ್ನು ಇನ್ನೂ ಹಿಂದಕ್ಕೆ ಹಾರಿಸಿ ಅಲ್ಲೆಲ್ಲ ಬಳಿಯುತ್ತೆ. ಅದರ ಮೇಲೆ ಹಾಸನದ ಧೂಳು ಕೂತು ಹೋಳಿಗೆ ಕಣಕದ ಗಟ್ಟಿ ಆದ ಮೇಲೆ ಯಾವ ನಾಡಿ ವೈದ್ಯನೂ ಮೂಲ ಹೇಳಲಾರ. ಆದ್ದರಿಂದ ಮೊದಲು ತೊಳಿಸಿ. ಬ್ರಷ್ಷಿನಲ್ಲಿ ಡೀಸೆಲ್ ಹಚ್ಚಿ ಉಜ್ಜಿ, ಆಮೇಲೆ ನೀರು. ಅದೂ ತಣ್ಣಗಿರೋ ಎಂಜಿನ್ನಿಗೆ, ಆಲ್ಟರ್ನೇಟರು, ವೈರಿನ ಕನೆಕ್ಟರುಗಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ವಾಟರ್ ಸರ್ವಿಸ್ ಹುಡುಗರ ಕೈಯಲ್ಲಿ ಆ ಪ್ರೆಶರ್ ಗನ್ ಇರುತ್ತಲ್ಲ, ಅದನ್ನು ಬಾನೆಟ್ ಒಳಗೆ ಬಿಟ್ಟರೆ ಎಣ್ಣೆ ಸಮಸ್ಯೆ ಮರೆತು ಕರೆಂಟಿನ ಸಮಸ್ಯೆ ಹಿಡಿದುಕೊಂಡು ಮನೆಗೆ ಬರ್ತೀರಿ.

ತೊಳೆದು, ಒಣಗಿಸಿ, ಒಂದು ಸುತ್ತು ಓಡಿಸಿ ತಂದು, ರಾತ್ರಿ ಕೆಳಗೆ ಹಳೇ ಪೇಪರ್ ಹಾಸೋದು. ಮೇಷ್ಟ್ರು ಅಚ್ಚುಕಟ್ಟು ಮನುಷ್ಯ, ಭಾನುವಾರದ ಪೇಪರ್ ಬಿಡಿಸಿ ನಾಲ್ಕು ಮೂಲೆಗೂ ಕಲ್ಲಿಟ್ಟಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಹನಿ ಒಂದಲ್ಲ, ಎರಡು ಕಡೆ. ಹಿಂದಿನದು ವಧು ಬೇಕಾಗಿದ್ದಾಳೆ ಪುಟದಲ್ಲಿ, ಮುಂದಿನದು ವಾರಭವಿಷ್ಯದಲ್ಲಿ ಸರಿಯಾಗಿ ಮೇಷ್ಟ್ರ ರಾಶಿಯ ಮೇಲೆ. “ಧನವ್ಯಯ ಅಂತ ಬರೆದಿತ್ತಮ್ಮಾ, ಅದೂ ಕಾಣಿಸದ ಹಾಗಾಯಿತು” ಅಂದರು. ಒಳ್ಳೇದೇ ಆಯಿತಲ್ವಾ?

ಎರಡು ಹನಿ ಅಂದರೆ ಎರಡು ಕತೆ. ಹಿಂದಿನ ಹನಿಗೆ ಪೌಡರ್ ವೈದ್ಯ. ತೊಳೆದ ಎಂಜಿನ್ನಿನ ಮೇಲ್ಭಾಗದಲ್ಲಿ, ಟ್ಯಾಪೆಟ್ ಕವರಿನ ಅಂಚಿಗೆ ಮುಖಕ್ಕೆ ಹಚ್ಚೋ ಪೌಡರ್ ಉದುರಿಸಿ ಎಂಜಿನ್ ಓಡಿಸಿದರೆ, ಎಣ್ಣೆ ಒಸರುವಲ್ಲಿ ಬಿಳಿ ಮೇಲೆ ಕಪ್ಪು ಗೆರೆ ಮೂಡುತ್ತೆ. ದೊಡ್ಡ ಗ್ಯಾರೇಜುಗಳಲ್ಲಿ ಆಯಿಲಿಗೆ ಬಣ್ಣ ಬೆರೆಸಿ ನೀಲಿ ದೀಪ ಹಿಡಿದು ನೋಡ್ತಾರೆ, ಆದರೆ ಪೌಡರಿನ ಮುಂದೆ ಅದೆಲ್ಲ ಯಾಕೆ? ಮೇಷ್ಟ್ರು ಮನೆಯವರ ಡಬ್ಬ ಕೇಳದೇ ತಂದು ಅರ್ಧ ಖಾಲಿ ಮಾಡಿದ್ದರು. ಎಂಜಿನ್ನು ಗಮಗಮ ಅನ್ನುತ್ತಿತ್ತು, ಮನೆಯೊಳಗೆ ಬಿಸಿಬಿಸಿ ಮಾತು ನಡೆದಿತ್ತು. ಗೆರೆ ಮಾತ್ರ ಸ್ಪಷ್ಟವಾಗಿ ಮೂಡಿತು: ಟ್ಯಾಪೆಟ್ ಕವರಿನ ಹಿಂಬದಿಯ ಪ್ಯಾಕಿಂಗ್. ಅಲ್ಲಿಂದ ಇಳಿದ ಎಣ್ಣೆಯನ್ನೇ ಆ ಗ್ಯಾರೇಜಿನವನು ಹಿಂದಿನ ಆಯಿಲ್ ಸೀಲು ಅಂದಿದ್ದು. ನಂಬಿದ್ದರೆ ಒಂದು ರಬ್ಬರ್ ಪ್ಯಾಕಿಂಗಿಗಾಗಿ ಗೇರ್‌ಬಾಕ್ಸ್ ಇಳಿದಿರುತ್ತಿತ್ತು.

ಪ್ಯಾಕಿಂಗ್ ಬದಲಾಯಿಸಿ ಸುಮ್ಮನಾಗೋ ಹಾಗೂ ಇಲ್ಲ. ಅದು ಯಾಕೆ ಒಸರಿತು ಅಂತಲೂ ಕೇಳಬೇಕಲ್ಲ. ಪಿಸ್ಟನ್ ಪಕ್ಕದಿಂದ ಸ್ವಲ್ಪ ಗಾಳಿ ಕೆಳಗೆ ನುಸುಳೋದು ಎಲ್ಲ ಎಂಜಿನ್ನಿಗೂ ಸಹಜ. ಅದನ್ನು ಬ್ರೀದರ್ ಪೈಪಿನ ಮೂಲಕ ಟರ್ಬೊ ಮುಂದಿನ ಗಾಳಿ ಪೈಪಿಗೇ ವಾಪಸ್ ಬಿಟ್ಟಿರ್ತಾರೆ. ಆ ದಾರಿಯಲ್ಲಿ ಮಸಿ, ಎಣ್ಣೆ ಸೇರಿ ಕಟ್ಟಿಕೊಂಡರೆ ಒಳಗಿನ ಗಾಳಿ ಎಲ್ಲಿ ಸಂದು ಸಿಕ್ಕರೆ ಅಲ್ಲಿ ಎಣ್ಣೆಯನ್ನು ತಳ್ಳುತ್ತೆ. ಇವತ್ತು ಒಂದು ಪ್ಯಾಕಿಂಗ್ ಹಾಕಿ, ನಾಳೆ ಇನ್ನೊಂದು ಕಡೆ. ಮೆಕ್ಯಾನಿಕ್‌ಗಳು ಎಂಜಿನ್ ಓಡುವಾಗ ಆಯಿಲ್ ಹಾಕೋ ಮುಚ್ಚಳ ಬಿಚ್ಚಿ, ಮಗುಚಿ ಅಲ್ಲೇ ಇಟ್ಟು ನೋಡ್ತಾರೆ ಗಮನಿಸಿದ್ದೀರಾ? ಮುಚ್ಚಳ ಸ್ವಲ್ಪ ಅಲುಗಾಡಿದರೆ ಹಳೇ ಗಾಡಿಗೆ ಪರವಾಗಿಲ್ಲ. ಎದ್ದು ಕುಣಿದು ಕೆಳಗೆ ಬಿದ್ದರೆ “ಬ್ಯಾಕ್ ಕಂಪ್ರೆಶನ್ ಇದೆ ಸಾರ್” ಅಂತ ಗಂಭೀರವಾಗ್ತಾರೆ. ಆ ಮಾತು ಕೇಳಿದರೆ ಗಾಡಿ ಮಾಲೀಕನ ಕಂಪ್ರೆಶನ್ನೂ ಇಳಿಯುತ್ತೆ. ಹೆದರಬೇಡಿ, ಮೊದಲು ಬ್ರೀದರ್ ಬಿಚ್ಚಿ ತೊಳೆಸಿ, ಆಮೇಲೆ ಮತ್ತೆ ಮುಚ್ಚಳ ಇಟ್ಟು ನೋಡಿ. ಮೇಷ್ಟ್ರ ಕಾರಿನಲ್ಲಿ ತೊಳೆಯೋಕೆ ಮುಂಚೆ ಕುಣಿದ ಮುಚ್ಚಳ ತೊಳೆದ ಮೇಲೆ ಸುಮ್ಮನೆ ಕೂತಿತು.

ಇಲ್ಲೊಂದು ಮಾತು. ಸೋರ್ತಿದೆ ಅಂತ ದಪ್ಪ ಆಯಿಲ್ ಹಾಕಿಸೋ ಚಟ ಬಹಳ ಜನಕ್ಕಿದೆ. ಲಾರಿಗೆ ಹಾಕೋ ಆಯಿಲನ್ನು ಕಾರಿಗೆ ಸುರಿದರೆ ಸೋರಿಕೆ ಕಡಿಮೆ ಕಾಣಬಹುದು, ಆದರೆ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಟರ್ಬೊವರೆಗೆ ಅದು ಹತ್ತೋದು ನಿಧಾನ. ಗ್ಯಾಸ್ಕೆಟ್ ಪೇಸ್ಟಿನ ಕತೆಯೂ ಅಷ್ಟೇ. ಹೊರಗೆ ಉಕ್ಕಿದ್ದು ಕಣ್ಣಿಗೆ ಕಾಣುತ್ತೆ, ಒಳಗೆ ಉಕ್ಕಿದ್ದು ಉದುರಿ ಆಯಿಲ್ ಹೀರೋ ಜಾಲರಿಗೆ ಅಂಟಿಕೊಳ್ಳುತ್ತೆ. ಕಡಲೆಕಾಳಿನಷ್ಟು ಸಾಕಾದಲ್ಲಿ ಟ್ಯೂಬೇ ಹಿಂಡೋರು ಇದ್ದಾರೆ, ಅವರಿಂದ ದೂರ ಇರಿ.

ಇನ್ನು ಪಿಕಪ್ಪು. ಬಿ.ಎಂ. ರಸ್ತೆ ಕಡೆಯ ಒಬ್ಬ ಮೆಕ್ಯಾನಿಕ್ ಹುಡುಗ ಇದ್ದಾನೆ, ಮಾತು ಕಡಿಮೆ, ಕೆಲಸ ಚೊಕ್ಕ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಬೆಂಕಿಪೊಟ್ಟಣದಷ್ಟು ಡಬ್ಬಿ ಸಿಕ್ಕಿಸಿ ಫೋನಿನಲ್ಲಿ ನೋಡಿದ. ಪಿ0299 ಅಂತ ಕೋಡ್ ಬಂತು, ಅಂದರೆ ಬೂಸ್ಟ್ ಸಾಲ್ತಿಲ್ಲ. ಅದು ಮೇಷ್ಟ್ರಿಗೆ ಶಿರಾಡಿಯಲ್ಲೇ ಗೊತ್ತಾಗಿತ್ತು. ಯಾಕೆ ಸಾಲ್ತಿಲ್ಲ ಅನ್ನೋದನ್ನು ಕೋಡ್ ಹೇಳಲ್ಲ. ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ತಿರುಗಿಸಿದಾಗ ಗಾಳಿ ಒತ್ತಡ 90 ಕಿಲೋಪ್ಯಾಸ್ಕಲ್ ಆಸುಪಾಸು ತೋರಿಸ್ತು. ಮಂಗಳೂರಿನ ಅಳಿಯ ಫೋನಿನಲ್ಲೇ ಗಾಬರಿ ಹುಟ್ಟಿಸಿದ: “ಮಾವ, ನನ್ನ ಕಾರಲ್ಲಿ 101 ತೋರಿಸುತ್ತೆ, ನಿಮ್ಮ ಸೆನ್ಸರ್ ಹೋಗಿದೆ.” ಹೋಗಿಲ್ಲಪ್ಪ! ನೀನಿರೋದು ಸಮುದ್ರದ ದಂಡೆಯಲ್ಲಿ, ನಾವಿರೋದು ಹತ್ತಿರ ಹತ್ತಿರ ಸಾವಿರ ಮೀಟರ್ ಮೇಲೆ. ಇಲ್ಲಿ ಗಾಳಿಯೇ ಅಷ್ಟು. ಬೆಂಗಳೂರಲ್ಲೂ 91ರ ಸುತ್ತಮುತ್ತ, ಮುಳ್ಳಯ್ಯನಗಿರಿ ತುದಿಗೆ ಹೋದರೆ 80. ಗಾಡಿ ನಿಂತಾಗ ಅದು ಊರಿನ ಗಾಳಿಯನ್ನು ತೋರಿಸಿದರೆ ಸೆನ್ಸರ್ ಗಟ್ಟಿಯಾಗಿದೆ ಅಂತಲೇ ಅರ್ಥ.

ಮೇಲೇರಿದ ಹಾಗೆ ಗಾಳಿ ತೆಳುವಾಗೋ ಈ ತಕರಾರಿಗೇ ಟರ್ಬೊ ಒಳ್ಳೆ ಮದ್ದು ಅಂತ ಜನ ನಂಬಿದ್ದು ಒಂದು ಬೆಟ್ಟದ ಮೇಲೆ. 1918ರಲ್ಲಿ ಸ್ಯಾನ್‌ಫರ್ಡ್ ಮಾಸ್ ಅನ್ನೋ ಎಂಜಿನಿಯರ್ ವಿಮಾನದ ಎಂಜಿನ್ನನ್ನು ಲಾರಿಗೆ ಕಟ್ಟಿಕೊಂಡು ಅಮೆರಿಕದ ಪೈಕ್ಸ್ ಪೀಕ್ ಬೆಟ್ಟ ಹತ್ತಿಸಿದರು, 14,000 ಅಡಿ ಎತ್ತರಕ್ಕೆ. ಕೆಳಗೆ 350 ಕುದುರೆ ಶಕ್ತಿ ಕೊಡೋ ಎಂಜಿನ್ನು ಅಲ್ಲಿ ಟರ್ಬೊ ಇಲ್ಲದೆ 230ಕ್ಕೆ ಇಳಿಯಿತು, ಟರ್ಬೊ ಕಟ್ಟಿದರೆ 356. ಹಾರೋ ಎಂಜಿನ್ನನ್ನು ರಸ್ತೆಯಲ್ಲಿ ಬೆಟ್ಟ ಹತ್ತಿಸಿ ಪರೀಕ್ಷೆ ಮಾಡೋ ಯೋಚನೆ ಯಾರಿಗೆ ಬಂತೋ. ಹೊತ್ತ ಲಾರಿಗಂತೂ ಟರ್ಬೊ ಇರಲಿಲ್ಲ, ಅದರ ಡ್ರೈವರ್ ಏನಂದುಕೊಂಡನೋ ಪಾಪ.

ಎಲ್ಲಿದ್ದೆ? ಹಾಂ, ಹುಡುಗ ಕಾರು ಓಡಿಸಿ ನೋಡಿದ. ಊರಾಚೆ ಏರಿನಲ್ಲಿ ಪೂರ್ತಿ ಒತ್ತಿದಾಗ 200ರ ಹತ್ತಿರ ಹೋಗಬೇಕಾದ್ದು 140ಕ್ಕೇ ನಿಂತಿತು. ಹೊರಗಿನ 90 ಅದರಲ್ಲಿ ಕಳೆದರೆ ಟರ್ಬೊ ಕೊಡ್ತಿದ್ದದ್ದು ಬರೀ 50. ಉಳಿದ ಗಾಳಿ ಎಲ್ಲೋ ಸೋರ್ತಿದೆ, ಇಲ್ಲವೇ ಟರ್ಬೊಗೆ ಒತ್ತೋಕೇ ಬಿಡ್ತಿಲ್ಲ. ಇಜಿಆರ್ ವಾಲ್ವ್ ಮಸಿ ಹಿಡಿದು ತೆರೆದೇ ನಿಂತರೂ ಹೀಗೇ ಆಗುತ್ತೆ, ಸೈಲೆನ್ಸರ್ ಒಳಗೆ ಕಟ್ಟಿಕೊಂಡರೂ ಹೀಗೇ. ರೆಕ್ಕೆ ಆಡಿಸೋ ಟರ್ಬೊ ಇರೋ ಕಾರುಗಳಲ್ಲಿ ಪೆನ್ನಿನ ರೀಫಿಲ್ಲಿಗಿಂತ ತುಸು ದಪ್ಪನೆಯ ವ್ಯಾಕ್ಯೂಮ್ ಪೈಪ್ ಒಂದಿರುತ್ತೆ. ಅದು ಒಣಗಿ ಬಿರಿದರೆ ಸಾಕು, ಅಷ್ಟು ದೊಡ್ಡ ಟರ್ಬೊ ಕೈಕಟ್ಟಿ ಕೂರುತ್ತೆ.

ಆ ಪೈಪ್ ಮೇಲೆ ಇಲಿಗಳಿಗೆ ಯಾಕಷ್ಟು ಆಸೆಯೋ. ನಮ್ಮ ಬೀದಿಯ ಕೊನೆ ಮನೆಯವರ ಕಾರಿನಲ್ಲಿ ಇಲಿ ಆ ಪೈಪ್ ತಿಂದು, ಬಾನೆಟ್ ಒಳಗಿನ ಹತ್ತಿಯಲ್ಲಿ ಗೂಡು ಕಟ್ಟಿ ಸಂಸಾರ ಹೂಡಿತ್ತು. ಯಾರೋ ಹೊಗೆಸೊಪ್ಪು ಕಟ್ಟಿ ಅಂದರು, ಕಟ್ಟಿದರು. ಇಲಿ ಹೊಗೆಸೊಪ್ಪನ್ನು ಬದಿಗೆ ಸರಿಸಿ ಉಳಿದ ಪೈಪನ್ನೂ ತಿಂದಿತು. ಗಣಪತಿಯ ವಾಹನ, ನಮ್ಮ ವಾಹನಕ್ಕೆ ಬಂದು ಕೂತರೆ ಓಡಿಸೋಕೂ ಮನಸ್ಸು ಬರಲ್ಲ ಅಂತಾರೆ ಆ ಮನೆಯಾಕೆ. ಇಲಿಗೇನು, ಅದಕ್ಕೆ ದೇವರೂ ಗೊತ್ತಿಲ್ಲ, ಬೂಸ್ಟೂ ಗೊತ್ತಿಲ್ಲ.

ಮೇಷ್ಟ್ರದ್ದು ಸಾದಾ ಟರ್ಬೊ, ಆ ಪೈಪಿನ ತಾಪತ್ರಯ ಇಲ್ಲ. ಹುಡುಗ ಮಾಡಿದ್ದು ನೋಡಿ ನನಗೆ ಅಪ್ಪನೇ ನೆನಪಾದರು. ಹಾರ್ಡ್‌ವೇರ್ ಅಂಗಡಿಯಿಂದ ನಲ್ಲಿ ಪೈಪಿಗೆ ಹಾಕೋ ಪಿವಿಸಿ ಕ್ಯಾಪ್ ತಂದ. ಅದಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಒಂದನ್ನು ಕೂರಿಸಿದ. ಏರ್ ಫಿಲ್ಟರ್ ಕಡೆಯ ಹೋಸ್ ಬಿಚ್ಚಿ ಟರ್ಬೊ ಬಾಯಿಗೆ ಬರೋ ಪೈಪಿಗೆ ಆ ಕ್ಯಾಪ್ ಹಾಕಿ ಕ್ಲಿಪ್ ಬಿಗಿದ. ಬ್ರೀದರ್ ಪೈಪನ್ನು ಬೇರೆ ಮಾಡಿ ಅದರ ಬಾಯಿ ಮುಚ್ಚಿದ. ಅದು ಮುಖ್ಯ ಕಣ್ರೀ, ಮುಚ್ಚದೇ ಗಾಳಿ ಬಿಟ್ಟರೆ ಅದೆಲ್ಲ ಎಂಜಿನ್ ಹೊಟ್ಟೆಗೆ ನುಗ್ಗಿ ಚೆನ್ನಾಗಿರೋ ಸೀಲನ್ನೂ ಉಬ್ಬಿಸಿಬಿಡುತ್ತೆ. ಆಮೇಲೆ ಟೈರಿಗೆ ಗಾಳಿ ಹಾಕೋ ಮೆಷಿನ್ನಿನಿಂದ ನಿಧಾನವಾಗಿ ಗಾಳಿ ಕೊಟ್ಟ. ಟೈರಿಗೆ ಹಾಕೋ 30 ಅಲ್ಲ, 12–15 ಪೌಂಡಿಗೇ ನಿಲ್ಲಿಸಬೇಕು, ಮುಖ ಒಡ್ಡಿಕೊಂಡು ನಿಲ್ಲಬಾರದು. ಮೇಷ್ಟ್ರ ಮೊಮ್ಮಗ ಗುಳ್ಳೆ ಊದೋಕೆ ಕಲಸಿಟ್ಟಿದ್ದ ಸೋಪು ನೀರು ಅಲ್ಲೇ ಇತ್ತು, ಅದನ್ನೇ ಒಂದೊಂದು ಹೋಸಿನ ಮೇಲೂ ಬಿಡುತ್ತಾ ಬಂದ.

ಮೇಲಿನ ಹೋಸು ಸರಿ, ಕ್ಲಿಪ್ಪು ಸರಿ. ಮುಂದೆ ಬಂಪರ್ ಹಿಂದಿನ ಇಂಟರ್‌ಕೂಲರ್ ಸರಿ. ಟರ್ಬೊದಿಂದ ಇಂಟರ್‌ಕೂಲರಿಗೆ ಇಳಿಯೋ ಕೆಳಗಿನ ಹೋಸಿಗೆ ನೀರು ಬಿಟ್ಟಿದ್ದೇ ತಡ, ಮೊಮ್ಮಗ ಚಪ್ಪಾಳೆ ಹೊಡೆದ. ಅಷ್ಟು ಗುಳ್ಳೆ ಅವನೂ ಯಾವತ್ತೂ ಊದಿರಲಿಲ್ಲ. ಹೋಸ್ ಒಂದು ತಗಡಿಗೆ ಉಜ್ಜಿ ಉಜ್ಜಿ ಅಡಿಭಾಗದಲ್ಲಿ ಸೀಳಿಕೊಂಡಿತ್ತು. ಕೈಯಲ್ಲಿ ಹಿಡಿದರೆ ಸೀಳು ಕಾಣಲ್ಲ. ಒಳಗೆ ಒತ್ತಡ ಬಂದಾಗ ಮಾತ್ರ ಬಾಯಿ ಬಿಡೋದು. ಮನೆ ಮುಂದೆ ನಿಂತು ಎಷ್ಟು ನೋಡಿದರೂ ಸಿಗದೆ ಘಾಟಿಯಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿದ್ದದ್ದು ಅದಕ್ಕೇ. ಆ ‘ಸುಂಯ್’ ಕೂಡ ಅಲ್ಲಿಂದಲೇ.

ವಾರಭವಿಷ್ಯದ ಮೇಲೆ ಬಿದ್ದ ಮುಂದಿನ ಹನಿ ಇತ್ತಲ್ಲ, ಅದೂ ಇದೇ ಸೀಳಿನದು. ಬ್ರೀದರಿನಿಂದ ಬರೋ ಎಣ್ಣೆ ಹಬೆ ಗಾಳಿ ಜೊತೆ ಈ ಪೈಪುಗಳಲ್ಲಿ ಹೋಗುತ್ತಾ ಒಳಗೆಲ್ಲ ತೆಳುವಾಗಿ ಸವರಿಕೊಳ್ಳೋದು ಡೀಸೆಲ್ ಗಾಡಿಗಳಲ್ಲಿ ಮಾಮೂಲು. ಅದನ್ನು ಕಂಡು ಟರ್ಬೊ ಹೋಯಿತು ಅಂತ ಅಳಬೇಡಿ. ಬೆರಳಿಗೆ ಅಂಟಿದರೆ ಸರಿ, ಪೈಪ್ ಬಗ್ಗಿಸಿದರೆ ಲೋಟದಷ್ಟು ಸುರಿದರೆ ಯೋಚನೆ ಮಾಡಿ. ಎಣ್ಣೆ ಕುಡಿದ ರಬ್ಬರ್ ಮೆತ್ತಗಾಗುತ್ತೆ, ಮೆತ್ತಗಾದ ಹೋಸ್ ಬೇಗ ಸೀಳುತ್ತೆ, ಸೀಳಿನಿಂದ ಗಾಳಿ ಹೋಗುತ್ತೆ, ಜೊತೆಗೆ ಎಣ್ಣೆ ಒಸರಿ ಧೂಳು ಹಿಡಿದು ಕಪ್ಪು ಗುರುತು ಬಿಡುತ್ತೆ. ಗಾಳಿ ಸೋರೋ ಜಾಗವನ್ನು ಎಣ್ಣೆಯೇ ತೋರಿಸಿಕೊಡುತ್ತೆ ಅಂದರೆ ವಿಚಿತ್ರ ಅಲ್ವಾ? ಆ ಕಪ್ಪು ಗುರುತನ್ನು ನೋಡೋ ಕಣ್ಣು ಬೇಕು ಅಷ್ಟೇ, ಆ ಹುಡುಗನಿಗೆ ಅದಿದೆ.

ಒಂದು ಹೋಸು, ಒಂದು ಪ್ಯಾಕಿಂಗು, ಬ್ರೀದರ್ ತೊಳೆದ ಕೂಲಿ. ಗೇರ್‌ಬಾಕ್ಸ್ ಇಳಿಯಲಿಲ್ಲ, ಟರ್ಬೊ ಬಿಚ್ಚಲಿಲ್ಲ. ಆಮೇಲೆ ಮೇಷ್ಟ್ರು ಶಿರಾಡಿಯನ್ನು ಮೂರನೇ ಗೇರಿನಲ್ಲಿ ಹತ್ತಿ ಬಂದರು. ಲಾರಿಯೊಂದನ್ನು ಹಿಂದೆ ಹಾಕಿದರಂತೆ, ಹಾರ್ನ್ ಹೊಡೆದೇ ಹಾಕಿದರಂತೆ. ಅದು ಅಕ್ಕಿ ಲಾರಿಯೇ ಅಂತ ಅವರ ವಾದ, ಇರಲಿ ಬಿಡಿ.

ಟರ್ಬೊ ಯಾವತ್ತೂ ಹೋಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಹೋಗುತ್ತೆ. ಘಾಟಿ ಹತ್ತಿ ಕೆಂಡವಾಗಿರೋ ಗಾಡಿಯನ್ನು ಹೋಟೆಲ್ ಮುಂದೆ ನಿಲ್ಲಿಸಿದ್ದೇ ಕೀ ತಿರುಗಿಸಿದರೆ ಒಳಗೆ ನಿಂತ ಎಣ್ಣೆ ಸುಟ್ಟು ಕರಿಯಾಗುತ್ತೆ. ಅರ್ಧ ನಿಮಿಷ ಎಂಜಿನ್ ಓಡಲು ಬಿಟ್ಟು ಆಫ್ ಮಾಡಿ, ಅಷ್ಟರಲ್ಲಿ ದೋಸೆ ಖಾಲಿಯಾಗಲ್ಲ. ನಿಜವಾಗಿ ಹೋಗಿದೆಯಾ ಅಂತ ನೋಡೋಕೂ ಸುಲಭ. ಎಂಜಿನ್ ತಣ್ಣಗಿದ್ದಾಗ ಮುಂದಿನ ಹೋಸ್ ತೆಗೆದು ಚಕ್ರದ ನಡುವಿನ ತುದಿಯನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕ ತುಸು ಆಡಿದರೆ ತಪ್ಪಿಲ್ಲ, ಎಣ್ಣೆಯ ಪದರಕ್ಕೆ ಬಿಟ್ಟ ಜಾಗ ಅದು. ಹಿಂದೆ ಮುಂದೆ ಆಡಿದ್ದು ಬೆರಳಿಗೆ ಗೊತ್ತಾದರೆ, ಇಲ್ಲವೇ ರೆಕ್ಕೆ ಗೋಡೆಗೆ ಉಜ್ಜಿದ ಗೀರು ಕಂಡರೆ ಮುಗಿಯಿತು. ಜೊತೆಗೆ ನೀಲಿ ಹೊಗೆ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಇಳೀತಾ ಇದೆ ಅಂದರೆ ಗಾಡಿ ಓಡಿಸೋದೇ ನಿಲ್ಲಿಸಿ. ಡೀಸೆಲ್ ಎಂಜಿನ್ನು ಟರ್ಬೊದಿಂದ ಬಂದ ತನ್ನ ಎಣ್ಣೆಯನ್ನೇ ಕುಡಿದು ಓಡೋಕೆ ಶುರು ಮಾಡಿದರೆ ಕೀ ತೆಗೆದರೂ ನಿಲ್ಲಲ್ಲ, ಕೂಗ್ತಾನೇ ಹೋಗುತ್ತೆ. ಅಪ್ಪನ ಗ್ಯಾರೇಜಿನಲ್ಲಿ ಒಂದು ಲಾರಿ ಹಾಗೆ ಕೂಗಿದಾಗ ಟೀ ಅಂಗಡಿಯವನೂ ಓಡಿಹೋಗಿದ್ದ. ಗಾಡಿ ನಿಂತಿದ್ದರೆ ಬ್ರೇಕನ್ನು ಪೂರ್ತಿ ಒತ್ತಿ ಹಿಡಿದು, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತೆ. ಅದಾಗದಿದ್ದರೆ ಇಳಿದು ದೂರ ಹೋಗಿ, ಗಾಳಿ ಪೈಪಿಗೆ ಕೈ ಅಡ್ಡ ಇಡೋ ಸಾಹಸ ಮಾತ್ರ ಬೇಡ.

ಹಾಗೇನಾದರೂ ಟರ್ಬೊ ಬದಲಾಯಿಸಲೇಬೇಕು ಅಂತಾದರೆ ಒಂದು ಹಟ ಹಿಡೀರಿ. ಅದಕ್ಕೆ ಎಣ್ಣೆ ಕೊಡೋ ಸಣ್ಣ ಪೈಪನ್ನೂ ಹೊಸದೇ ಹಾಕಿಸಿ, ಇಂಟರ್‌ಕೂಲರ್ ಬಿಚ್ಚಿಸಿ ಒಳಗಿನ ಹಳೇ ಎಣ್ಣೆ, ಲೋಹದ ಚೂರು ಎಲ್ಲ ತೊಳೆಸಿ, ಎಂಜಿನ್ ಆಯಿಲು, ಫಿಲ್ಟರು ಬದಲಾಯಿಸಿ. ಹಳೇ ಟರ್ಬೊ ಸತ್ತದ್ದೇ ಆ ಪೈಪ್ ಕರಿಕಟ್ಟಿ ಎಣ್ಣೆ ಹತ್ತದೆ ಅಂತಾದರೆ ಹೊಸದೂ ಅದೇ ದಾರಿ ಹಿಡಿಯುತ್ತೆ. “ಪೈಪ್ ಚೆನ್ನಾಗೇ ಇದೆ, ಊದಿ ಹಾಕ್ತೀನಿ ಸಾರ್” ಅಂತಾರೆ, ಒಪ್ಪಬೇಡಿ.